ಹಣ್ಣುಹುಳುವಿನ ಸಂಜೆ: ರೇಷ್ಮೆ ಮನೆಯೊಂದನ್ನು ಲೆಗೊ ಇಟ್ಟಿಗೆಗಳಲ್ಲಿ ಕಟ್ಟಿದ ಪ್ರಕರಣ

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಅಜ್ಜನ ಕಾಲದಿಂದಲೂ ರೇಷ್ಮೆ ಹುಳು ಮೇಯಿಸುತ್ತಿದ್ದರು. ಪ್ರತಿ ಬೆಳೆಯ ಕೊನೆಗೆ, ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ದಿನ, ಮದುವೆಯಾಗಿ ಹೋದ ಹೆಣ್ಣುಮಕ್ಕಳು ತವರಿಗೆ ಬರುತ್ತಿದ್ದರು. ಬೀದಿಯ ನಾಲ್ಕಾರು ಮನೆಯವರು ಮುಯ್ಯಾಳುಗಳಾಗಿ ಸೇರುತ್ತಿದ್ದರು. ಹುಳು ಗೂಡು ಕಟ್ಟಲೆಂದು ಇಡುವ ಬಿದಿರು ಚಾಪೆಗೆ ಚಂದ್ರಿಕೆ ಎನ್ನುತ್ತಾರೆ; ಮೊದಲ ಚಂದ್ರಿಕೆಗೆ ಅರಿಶಿನ ಕುಂಕುಮ ಇಟ್ಟು, ಮೊದಲ ಹುಳುವನ್ನು ಮನೆಯ ಅತಿ ಚಿಕ್ಕ ಮಗುವಿನ ಕೈಯಿಂದ ಅದರ ಮೇಲೆ ಬಿಡಿಸುತ್ತಿದ್ದರು. ಈಗ ಆ ಮನೆಯಲ್ಲಿ ಹುಳುವಿಲ್ಲ. ತೋಟವನ್ನು ಬೇರೆಯವರು ನೋಡಿಕೊಳ್ಳುತ್ತಾರೆ, ಹುಳು ಮೇಯುತ್ತಿದ್ದ ನಡುಮನೆಯಲ್ಲಿ ರಾಗಿ ಮೂಟೆಗಳಿವೆ. ನಿಂತುಹೋದ ಆ ಪದ್ಧತಿಯನ್ನು ನನ್ನ ಅಕ್ಕನ ಮಗಳು, ಒಂಬತ್ತನೇ ತರಗತಿಯ ಹುಡುಗಿ, ಒಂದಕ್ಕೊಂದು ಕೂರಿಸಿ ಆಡುವ ಪ್ಲಾಸ್ಟಿಕ್ಕಿನ ಲೆಗೊ ಇಟ್ಟಿಗೆಗಳಲ್ಲಿ ಕಟ್ಟಬೇಕೆಂದು ಹೊರಟಾಗ ನಾನು ಅವಳ ಜೊತೆಗೆ ನಿಂತೆ. ಆ ಕೆಲಸದಲ್ಲಿ ಏನನ್ನು ಉಳಿಸಿಕೊಂಡೆವು, ಏನನ್ನು ಬಿಟ್ಟೆವು, ಯಾರ ನೆನಪನ್ನು ಯಾವ ಆಧಾರದ ಮೇಲೆ ಒಪ್ಪಿದೆವು ಎಂಬುದರ ವಿವರ ಇಲ್ಲಿದೆ.

ರೇಷ್ಮೆ ಸೀಮೆಯ ಹೊರಗಿನ ಓದುಗರಿಗಾಗಿ ಮೊದಲು ಆ ದಿನದ ಮಹತ್ವವನ್ನು ಹೇಳಬೇಕು. ಮೊಟ್ಟೆಯೊಡೆದ ಮೇಲೆ ಹುಳು ಸುಮಾರು 25 ದಿನ ಹಿಪ್ಪುನೇರಳೆ ಸೊಪ್ಪು ತಿಂದು ಬೆಳೆಯುತ್ತದೆ. ನಡುವೆ ನಾಲ್ಕು ಬಾರಿ ಮೇವು ಬಿಟ್ಟು, ತಲೆಯೆತ್ತಿ ಅಲುಗದೆ ಕುಳಿತು ಪೊರೆ ಕಳಚುತ್ತದೆ; ನಮ್ಮ ಕಡೆ ಅದನ್ನು ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರದಲ್ಲಿ ಇಡೀ ಬೆಳೆಯ ಸೊಪ್ಪಿನ ಬಹುಪಾಲು ಖರ್ಚಾಗುತ್ತದೆ, ರಾತ್ರಿ ನಡುಮನೆಯಲ್ಲಿ ಹುಳು ಮೇಯುವ ಸದ್ದು ಹೆಂಚಿನ ಮೇಲೆ ಸೋನೆ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಅದಾದ ಮೇಲೆ ಹುಳು ಮೇವು ಬಿಟ್ಟು, ಮೈ ತುಸು ಕುಗ್ಗಿ, ಬೆಳಕು ಹಾಯುವಷ್ಟು ತಿಳಿಯಾಗಿ, ಬಾಯಿಯಿಂದ ನೂಲು ಬಿಡಲು ಜಾಗ ಹುಡುಕತೊಡಗುತ್ತದೆ. ಇದೇ ಹಣ್ಣುಹುಳು. ಅದನ್ನು ಹೊತ್ತಿಗೆ ಸರಿಯಾಗಿ ಆರಿಸಿ ಚಂದ್ರಿಕೆಯ ಮೇಲೆ ಬಿಡದಿದ್ದರೆ ಅದು ಸೊಪ್ಪಿನ ಕಡ್ಡಿಗಳ ನಡುವೆಯೇ ನೂಲು ಬಿಟ್ಟು ಗೂಡು ಕೆಡಿಸಿಕೊಳ್ಳುತ್ತದೆ. ಒಂದು ಚಿಟ್ಟೆ ಇಡುವ ನಾನೂರರಷ್ಟು ಮೊಟ್ಟೆಗಳ ಗುಂಪನ್ನೇ ನಮ್ಮ ಕಡೆ ಒಂದು ಮೊಟ್ಟೆ ಎಂದು ಎಣಿಸುತ್ತಾರೆ; ಅಂಥ ನೂರು ಮೊಟ್ಟೆ ಮೇಯಿಸಿದ ಮನೆಯಲ್ಲಿ ನಲವತ್ತು ಸಾವಿರದಷ್ಟು ಹುಳು ಹೆಚ್ಚುಕಡಿಮೆ ಒಟ್ಟಿಗೇ ಹಣ್ಣಾಗುತ್ತವೆ. ಒಂದು ಕುಟುಂಬದ ಕೈಗಳು ಅದಕ್ಕೆ ಸಾಲುವುದಿಲ್ಲ. ಆದ್ದರಿಂದ ಹೆಣ್ಣುಮಕ್ಕಳು ತವರಿಗೆ ಬರುವುದೂ ಬೀದಿಯವರು ಕೂಡುವುದೂ ಬರಿಯ ಸಂಭ್ರಮವಾಗಿರಲಿಲ್ಲ. ಬೆಳೆ ಕೈಗೆ ಹತ್ತುವುದೇ ಆ ಕೂಡುವಿಕೆಯಿಂದಾಗಿತ್ತು.

ಮನೆಯೋ, ಸಂಜೆಯೋ

ಹುಡುಗಿ ಮೊದಲು ಕಾಗದದ ಮೇಲೆ ಬರೆದುಕೊಂಡದ್ದು ಮನೆಯ ನಕ್ಷೆಯನ್ನು: ನಾಡಹೆಂಚಿನ ಸೂರು, ಸುಣ್ಣ ಬಳಿದ ಗೋಡೆ, ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ, ಉದ್ದನೆಯ ಜಗಲಿ, ಪಕ್ಕದಲ್ಲಿ ಕಲ್ಲು ಚಪ್ಪಡಿಗಳನ್ನು ನಿಲ್ಲಿಸಿ ಕಟ್ಟಿದ ದನದ ಕೊಟ್ಟಿಗೆ. ನಕ್ಷೆ ಚೆನ್ನಾಗಿತ್ತು. ಆದರೆ ಅದನ್ನು ಕಟ್ಟಿದರೆ ಕೋಲಾರ ಸೀಮೆಯ ಯಾವುದಾದರೊಂದು ಹಳೆಯ ಮನೆ ಕಾಣಿಸುತ್ತದೆಯೇ ಹೊರತು, ಆ ಮನೆಯೊಳಗೆ ನಡೆಯುತ್ತಿದ್ದ ಕೆಲಸ ಕಾಣಿಸುವುದಿಲ್ಲ. ಹಳ್ಳಿಯ ಬದುಕನ್ನು ಮಾದರಿಯಾಗಿ ಮಾಡುವವರು ಕಟ್ಟಡದ ಮೇಲೆ ಇಷ್ಟೊಂದು ಶ್ರಮ ಸುರಿದು, ಜನರನ್ನು ಕೊನೆಯಲ್ಲಿ ಅಲಂಕಾರಕ್ಕಾಗಿ ನಿಲ್ಲಿಸುವುದು ನನಗೆ ಸರಿಯೆನಿಸುವುದಿಲ್ಲ. ಪದ್ಧತಿ ಎಂಬುದು ಗೋಡೆಯಲ್ಲಿಲ್ಲ. ಯಾರು, ಎಲ್ಲಿ ಕುಳಿತು, ಏನು ಮಾಡುತ್ತಿದ್ದರು ಎಂಬುದರಲ್ಲಿದೆ. ಹಾಗಾಗಿ ಒಂದೇ ಒಂದು ಹೊತ್ತನ್ನು, ಅಂದರೆ ಹಣ್ಣುಹುಳು ಆರಿಸುವ ಸಂಜೆಯನ್ನು ಮಾತ್ರ ಕಟ್ಟುವುದೆಂದೂ, ಆ ಸಂಜೆಗೆ ಬೇಕಾದಷ್ಟು ಮನೆಯನ್ನಷ್ಟೇ ಅದರ ಸುತ್ತ ಎಬ್ಬಿಸುವುದೆಂದೂ ತೀರ್ಮಾನಿಸಿದೆವು. ಸೂರಿನ ಅರ್ಧವನ್ನು ಕಟ್ಟಲೇ ಇಲ್ಲ. ನಡುಮನೆಯ ಒಳಗು ಮೇಲಿನಿಂದ ಪೂರ್ತಿಯಾಗಿ ಕಾಣುತ್ತದೆ. ಅಡುಗೆಮನೆಯನ್ನೂ ಹಿತ್ತಿಲನ್ನೂ ಬಿಟ್ಟುಬಿಟ್ಟೆವು.

ಈ ಒಂದು ತೀರ್ಮಾನದಿಂದ ಉಳಿದ ಅನೇಕ ಪ್ರಶ್ನೆಗಳು ತಾವಾಗಿಯೇ ಬಗೆಹರಿದವು. ಯಾವುದಾದರೂ ವಸ್ತುವನ್ನು ಇಡಬೇಕೋ ಬೇಡವೋ ಎಂಬ ಚರ್ಚೆ ಬಂದಾಗಲೆಲ್ಲ, ಆ ಸಂಜೆ ಅದಕ್ಕೆ ಕೆಲಸವಿತ್ತೇ ಎಂದು ಕೇಳಿಕೊಂಡೆವು. ನೇಗಿಲಿಗೆ ಇರಲಿಲ್ಲ, ಬೀಸುವ ಕಲ್ಲಿಗೂ ಇರಲಿಲ್ಲ. ಒದ್ದೆ ಗೋಣಿತಾಟು ಹೊದಿಸಿದ ಸೊಪ್ಪಿನ ಗುಡ್ಡೆಗೆ ಇತ್ತು, ಏಕೆಂದರೆ ಹಿಂದುಳಿದ ಹುಳುಗಳು ಆ ಸಂಜೆಯೂ ಮೇಯುತ್ತಿದ್ದವು.

ಯಾವ ವರ್ಷದ ಸಂಜೆ

ನೆನಪುಗಳು ಒಂದನ್ನೊಂದು ಒಪ್ಪದಿದ್ದದ್ದು ಇಲ್ಲಿಯೇ. ಮಾಹಿತಿ ಕೊಟ್ಟವರು ಮೂವರು: ನನ್ನ ತಾಯಿ, ದೊಡ್ಡಪ್ಪ, ಸೋದರತ್ತೆ. ದೊಡ್ಡಪ್ಪನವರು ನಡುಮನೆಯ ಕಿಟಕಿ ಬಾಗಿಲುಗಳಿಗೆ ಬಲೆ ಇದ್ದೇ ಇತ್ತು ಎಂದರು. ತಾಯಿ ಇರಲಿಲ್ಲವೆಂದರು. ಇಬ್ಬರ ಮಾತಿನಲ್ಲೂ ಸಂಶಯದ ಲವಲೇಶವಿರಲಿಲ್ಲ.

ಬಲೆಯ ಪ್ರಶ್ನೆ ಸಣ್ಣದಾಗಿ ಕಂಡರೂ ಅದಕ್ಕೆ ಖಚಿತವಾದ ಒಂದು ಆಧಾರವಿದೆ. ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಅದರ ಮರಿ ಹುಳುವನ್ನು ಒಳಗಿನಿಂದ ತಿಂದು ಹಾಳುಮಾಡುವ ಊಜಿ ನೊಣ ಕರ್ನಾಟಕದಲ್ಲಿ ಕಾಣಿಸಿಕೊಂಡದ್ದು 1980ರಲ್ಲಿ. ಪಶ್ಚಿಮ ಬಂಗಾಳದಿಂದ ಗೂಡುಗಳ ಜೊತೆಗೆ ಬಂದ ಪಿಡುಗು ಅದು. ನಮ್ಮ ಸೀಮೆಯ ಹುಳುಮನೆಗಳಿಗೆ ನೈಲಾನ್ ಬಲೆ ಬಂದದ್ದು ಆ ನೊಣದ ಕಾಟದಿಂದ. ಅಂದಮೇಲೆ ಇಬ್ಬರ ನೆನಪೂ ಸರಿ, ಎರಡೂ ಬೇರೆ ಬೇರೆ ವರ್ಷಗಳವು. ತಾಯಿ ಅದನ್ನು ತಮ್ಮದೇ ರೀತಿಯಲ್ಲಿ ಹೇಳಿದರು: "ಆ ಬಲೆ ಊಜಿ ಬಂದ್ಮೇಲಿಂದು ಭಾವ. ದೊಡ್ಡವಳು ಅಂಬೆಗಾಲಿಕ್ತಿದ್ದಾಗ ಎಲ್ಲಿತ್ತು?" ದೊಡ್ಡಪ್ಪ ಸ್ವಲ್ಪ ಹೊತ್ತು ಯೋಚಿಸಿ, "ಹೌದಮ್ಮ, ಬಲೆ ತರೋಕೆ ನಾನೇ ಶಿಡ್ಲಘಟ್ಟಕ್ಕೆ ಹೋಗಿದ್ದೆ, ಆಗ ಅವಳು ಸ್ಕೂಲಿಗೆ ಹೋಗ್ತಿದ್ಲು" ಎಂದು ಒಪ್ಪಿದರು.

ದೊಡ್ಡವಳು ಎಂದರೆ ನನ್ನ ಅಕ್ಕ, ಮಾದರಿ ಕಟ್ಟುತ್ತಿರುವ ಹುಡುಗಿಯ ತಾಯಿ. ಒಂದು ಬೆಳೆಯಲ್ಲಿ ಮೊದಲ ಹುಳುವನ್ನು ಚಂದ್ರಿಕೆಗೆ ಬಿಟ್ಟದ್ದು ಅವಳ ಪುಟ್ಟ ಕೈಯೇ ಎಂದು ಮೂವರೂ ಒಂದೇ ದನಿಯಲ್ಲಿ ಹೇಳಿದರು. ಅವಳು ಹುಟ್ಟಿದ ವರ್ಷವನ್ನು ಹಿಡಿದು ಲೆಕ್ಕ ಹಾಕಿ, ಮಾದರಿಯ ವರ್ಷವನ್ನು 1978 ಎಂದು ನಿಗದಿ ಮಾಡಿದೆವು. ಇದರಿಂದ ಎರಡು ಸಂಗತಿಗಳು ಗಟ್ಟಿಯಾದವು: ಕಿಟಕಿಗೆ ಬಲೆ ಬೇಡ, ಊರಿನ ಫಲಕದ ಮೇಲೆ ಬರೆಯಬೇಕಾದದ್ದು ಕೋಲಾರ ಜಿಲ್ಲೆ ಎಂದೇ, ಏಕೆಂದರೆ ಶಿಡ್ಲಘಟ್ಟ ಈಗ ಸೇರಿರುವ ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ಕೈಕಾಲು ಆಡಿಸಬಹುದಾದ ಲೆಗೊ ಬೊಂಬೆ ಮೊದಲು ಮಾರುಕಟ್ಟೆಗೆ ಬಂದದ್ದೂ 1978ರಲ್ಲೇ ಎಂಬುದನ್ನು ಹುಡುಗಿ ಕಂಡುಕೊಂಡು ಬಹಳ ಹಿಗ್ಗಿದಳು.

ಅಳತೆಯ ಲೆಕ್ಕ

ಇಂದು ನಾವು ಕಾಣುವ ಲೆಗೊ ಇಟ್ಟಿಗೆಗೆ ಡೆನ್ಮಾರ್ಕಿನ ಕಂಪನಿ ಪೇಟೆಂಟ್ ಕೋರಿದ್ದು 1958ರ ಜನವರಿ 28ರಂದು. ಅಂದಿನಿಂದ ಅಳತೆ ಬದಲಾಗಿಲ್ಲ: ಇಟ್ಟಿಗೆಯ ಮೇಲಿನ ದುಂಡು ಉಬ್ಬನ್ನು ಗುಬುಟು ಎಂದರೆ, ಒಂದು ಗುಬುಟಿನ ನಡುವಿನಿಂದ ಪಕ್ಕದ ಗುಬುಟಿನ ನಡುವಿಗೆ 8 ಮಿ.ಮೀ., ಗುಬುಟು ಬಿಟ್ಟು ಇಟ್ಟಿಗೆಯ ಎತ್ತರ 9.6 ಮಿ.ಮೀ., ಅದರ ಮೂರನೇ ಒಂದು ಭಾಗದಷ್ಟು ತೆಳುವಾದ ಪ್ಲೇಟಿನ ಎತ್ತರ 3.2 ಮಿ.ಮೀ. ಬೊಂಬೆಯ ಎತ್ತರ ಸುಮಾರು 4 ಸೆಂ.ಮೀ. ಐದಡಿ ಮೂರಂಗುಲದ ಮನುಷ್ಯನನ್ನು ಆ ಬೊಂಬೆಯೆಂದು ಭಾವಿಸಿದರೆ ಮಾದರಿಯ ಪ್ರಮಾಣ ನಲವತ್ತರಲ್ಲಿ ಒಂದು. ಆರು ಮೀಟರ್ ಉದ್ದದ ನಮ್ಮ ಜಗಲಿ ಆಗ 15 ಸೆಂ.ಮೀ., ಅಂದರೆ ಹೆಚ್ಚುಕಡಿಮೆ 19 ಗುಬುಟು. ನಾಲ್ಕಡಿ ಅಗಲದ ದುಂಡು ಬಿದಿರು ತಟ್ಟೆ 3 ಸೆಂ.ಮೀ.; 4×4 ದುಂಡು ಪ್ಲೇಟ್ 3.2 ಸೆಂ.ಮೀ. ಇರುವುದರಿಂದ ಹುಳು ಮೇಯುವ ತಟ್ಟೆಗೆ ಹೇಳಿ ಮಾಡಿಸಿದ ಬಿಲ್ಲೆ ಅಂಗಡಿಯಲ್ಲೇ ಸಿಕ್ಕಿತು. ಆದರೆ ತಟ್ಟೆಗಳನ್ನು ಜೋಡಿಸುವ ಸ್ಟ್ಯಾಂಡಿನಲ್ಲಿ ತೊಡಕು ಬಂತು. ನಮ್ಮ ಮನೆಯ ಸ್ಟ್ಯಾಂಡಿಗೆ ಹತ್ತು ಅಂತಸ್ತು. ಒಂದು ಪ್ಲೇಟಿನ ದಪ್ಪ, ಒಂದು ಪ್ಲೇಟಿನಷ್ಟು ತೆರಪು ಎಂದರೆ ಅಂತಸ್ತಿಗೆ 6.4 ಮಿ.ಮೀ. ಆಗುತ್ತದೆ, ಹತ್ತು ಅಂತಸ್ತು ಕಟ್ಟಿದರೆ ಸ್ಟ್ಯಾಂಡು ಎಂಟೂವರೆ ಅಡಿ ಎತ್ತರವಾಗಿ ಸೂರಿಗೆ ತಗಲುತ್ತದೆ. ಎಂಟಕ್ಕೆ ನಿಲ್ಲಿಸಿದೆವು. ಎತ್ತರ ಸರಿಯಿರುವುದು ಸಂಖ್ಯೆ ಸರಿಯಿರುವುದಕ್ಕಿಂತ ಮುಖ್ಯ, ಏಕೆಂದರೆ ಮೇಲಿನ ತಟ್ಟೆಗೆ ಕೈ ಎಟಕಿಸಲು ಹೆಂಗಸರು ತುದಿಗಾಲಲ್ಲಿ ನಿಲ್ಲುತ್ತಿದ್ದದ್ದು ಆ ಎತ್ತರದಿಂದಲೇ ತಿಳಿಯಬೇಕು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳ ಕೆಳಗೆ ಇಡುತ್ತಿದ್ದ ನೀರಿನ ಬಟ್ಟಲುಗಳನ್ನು ಮಾತ್ರ ಬಿಡಲಿಲ್ಲ; ನೀಲಿ ಛಾಯೆಯ ಪಾರದರ್ಶಕ ದುಂಡು ಬಿಲ್ಲೆಯೊಂದನ್ನು ಪ್ರತಿ ಕಾಲಿನಡಿಯಲ್ಲೂ ಇಟ್ಟಿದ್ದೇವೆ.

ನಲವತ್ತರಲ್ಲಿ ಒಂದು ಎಂಬ ಪ್ರಮಾಣದಲ್ಲಿ ಹುಳುವಾಗಲಿ ಗೂಡಾಗಲಿ ಕಾಣುವಂತಿಲ್ಲ. ಮೂರು ಸೆಂ.ಮೀ. ಉದ್ದದ ಗೂಡು ಮುಕ್ಕಾಲು ಮಿ.ಮೀ. ಆಗುತ್ತದೆ, ಅಷ್ಟು ಸಣ್ಣ ಬಿಲ್ಲೆ ಇಲ್ಲ. ಇರುವುದರಲ್ಲಿ ಚಿಕ್ಕದಾದ ದುಂಡು ಬಿಲ್ಲೆಯನ್ನು ಗೂಡೆಂದು ಇಟ್ಟರೆ ಅದು ಬೊಂಬೆಯ ತಲೆಯ ಗಾತ್ರಕ್ಕೆ ಹತ್ತಿರವಾಗುತ್ತದೆ. ಇಂಥಲ್ಲಿ ಉತ್ಪ್ರೇಕ್ಷೆ ಮಾಡಬಹುದೆಂದು ಹಲವರು ವಾದಿಸುತ್ತಾರೆ. ನಾನು ಒಪ್ಪಲಿಲ್ಲ, ಏಕೆಂದರೆ ಹುಳುವಿನ ಸಣ್ಣತನವೇ ಆ ಕೆಲಸದ ಕಷ್ಟ. ಸಾವಿರಾರು ಹುಳುಗಳ ನಡುವೆ ಹಣ್ಣಾದದ್ದನ್ನು ಕಣ್ಣಿಂದ ಗುರುತಿಸಿ, ಬೆರಳ ತುದಿಯಿಂದ ನೋಯಿಸದೆ ಎತ್ತುವ ಕೆಲಸವನ್ನು, ತಲೆಗಾತ್ರದ ಹುಳುಗಳನ್ನು ಹೊರುವ ಬೊಂಬೆಗಳ ಮೂಲಕ ತೋರಿಸಲಾಗದು.

ಆದ್ದರಿಂದ ಮಾದರಿಯನ್ನು ಎರಡು ಭಾಗ ಮಾಡಿದೆವು. ಒಂದರಲ್ಲಿ ಮನೆ, ಜನ, ಬೀದಿ. ಅಲ್ಲಿ ಹುಳು ಕಾಣುವುದಿಲ್ಲ, ತಟ್ಟೆಯ ಮೇಲೆ ಸೊಪ್ಪಿನ ಹಸಿರಷ್ಟೇ ಕಾಣುತ್ತದೆ. ಇನ್ನೊಂದು, ಅದರ ಮುಂದೆ ಪ್ರತ್ಯೇಕವಾಗಿ ಇಡುವ, ನಾಲ್ಕರಲ್ಲಿ ಒಂದು ಪ್ರಮಾಣದ ಚಂದ್ರಿಕೆಯ ನಡುಭಾಗ. ಇಡೀ ಕೆಲಸದಲ್ಲಿ ಅತ್ಯಂತ ಹೆಚ್ಚು ಯೋಚನೆ ಬೇಡಿದ್ದು ಈ ಎರಡನೆಯದು.

ಸುರುಳಿ

ನಮ್ಮ ಕಡೆಯ ಚಂದ್ರಿಕೆ ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರು ಚಾಪೆ. ಅದರ ಮೇಲೆ ಎರಡಂಗುಲ ಎತ್ತರದ ಬಿದಿರು ಪಟ್ಟಿಯನ್ನು ನಡುವಿನಿಂದ ಹೊರಕ್ಕೆ ಸುರುಳಿಯಾಗಿ ಸುತ್ತಿ ಕಟ್ಟಿರುತ್ತಾರೆ. ಸುತ್ತುಗಳ ನಡುವಿನ ಇರುಕಿನಲ್ಲಿ ಹುಳು ನೂಲು ಬಿಡಲು ಆಸರೆ ಹುಡುಕಿ ಗೂಡು ಕಟ್ಟುತ್ತದೆ. ಒಂದು ಚಂದ್ರಿಕೆಗೆ 900ರಿಂದ 1,000 ಹುಳು ಬಿಡುತ್ತಾರೆ. ಅದಕ್ಕಿಂತ ಹೆಚ್ಚು ಬಿಟ್ಟರೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ತವೆ, ಅದರಿಂದ ನೂಲು ಸರಾಗವಾಗಿ ಬಿಚ್ಚುವುದಿಲ್ಲ.

ಚೌಕಗಳ ಜಾಲದ ಮೇಲೆ ಸುರುಳಿ ಮೂಡಿಸುವುದು ಲೆಗೊ ಕಟ್ಟುವವರಿಗೆ ಹಳೆಯ ಸವಾಲು. ಕಾಲು ವೃತ್ತಾಕಾರದ ಇಟ್ಟಿಗೆಗಳಿವೆ, ಆದರೆ ಅವುಗಳಿಂದ ಒಂದರೊಳಗೊಂದು ಇರುವ ಉಂಗುರಗಳು ಬರುತ್ತವೆಯೇ ಹೊರತು ಸುರುಳಿ ಬರುವುದಿಲ್ಲ. ಉಂಗುರಗಳನ್ನು ನೋಡಿದ ತಾಯಿ ತಕ್ಷಣ ಹೇಳಿದ್ದು, "ಇದು ಚಂದ್ರಂಕಿ ಅಲ್ಲ, ಇದರಲ್ಲಿ ಪಟ್ಟಿ ಎಲ್ಲಿಂದ ಎಲ್ಲಿಗೆ ಹೋಗುತ್ತೆ?" ಎಂದು. ಆ ಪ್ರಶ್ನೆ ತಾಂತ್ರಿಕವಾಗಿಯೂ ಸರಿಯಾದದ್ದು: ಚಂದ್ರಿಕೆಯಲ್ಲಿ ಇರುವುದು ಒಂದೇ ದಾರಿ, ಅದು ಎಲ್ಲಿಯೂ ಮುಚ್ಚಿಕೊಳ್ಳುವುದಿಲ್ಲ.

ಪರಿಹಾರವನ್ನು ಹುಡುಗಿಯೇ ಹುಡುಕಿದಳು. ಎರಡು ತುದಿಗಳೂ ದುಂಡಗಿರುವ 1×2 ಪ್ಲೇಟುಗಳಿವೆ. ಒಂದರ ತುದಿಯ ಗುಬುಟಿನ ಮೇಲೆ ಇನ್ನೊಂದರ ತುದಿಯನ್ನು ಕೂರಿಸಿದರೆ ಗುಬುಟು ದುಂಡಗಿರುವ ಕಾರಣ ಎರಡೂ ಬಾಗಿಲ ತಿರುಗುಣಿಯಂತೆ ತಿರುಗುತ್ತವೆ. ಚೌಕ ತುದಿಯ ಪ್ಲೇಟಾದರೆ ಮೂಲೆಗಳು ಒಂದಕ್ಕೊಂದು ತಗಲಿ ಅಡ್ಡಿಯಾಗುತ್ತವೆ. ಹೀಗೆ ಒಂದು ಸಾಲು ಕೆಳಗೆ, ಒಂದು ಸಾಲು ಮೇಲೆ ಎಂದು ತುದಿಗೆ ತುದಿ ಪೋಣಿಸುತ್ತ ಹೋದರೆ ಎಲ್ಲಿ ಬೇಕಾದರೂ ಬಾಗುವ ಸರಪಳಿ ಸಿಗುತ್ತದೆ. ಅದನ್ನೇ ಐದು ಪದರ ಏರಿಸಿದರೆ 16 ಮಿ.ಮೀ. ಎತ್ತರ ಬರುತ್ತದೆ, ನಾಲ್ಕರಲ್ಲಿ ಒಂದು ಪ್ರಮಾಣದಲ್ಲಿ ಅದು ಆರು ಸೆಂ.ಮೀ.ಗೆ ಸ್ವಲ್ಪ ಹೆಚ್ಚು, ಅಂದರೆ ನಿಜವಾದ ಪಟ್ಟಿಯ ಎತ್ತರಕ್ಕೆ ಸಮೀಪ. ಮತ್ತೂ ಒಂದು ಲಾಭವಾಯಿತು: ಪ್ಲೇಟುಗಳ ದುಂಡು ತುದಿಗಳು ಪದರ ಪದರವಾಗಿ ಕೂಡುವಲ್ಲಿ ಬೀಳುವ ಗೆರೆಗಳು ಬಿದಿರು ಹೆಣಿಗೆಯನ್ನು ನೆನಪಿಸುತ್ತವೆ. ಪಟ್ಟಿಯ ದಪ್ಪ ಮಾತ್ರ ಪ್ರಮಾಣಕ್ಕೆ ಹೊಂದುವುದಿಲ್ಲ, ಕೆಲವೇ ಮಿ.ಮೀ. ಇರಬೇಕಾದ ಬಿದಿರು ಮೂರು ಸೆಂ.ಮೀ. ದಪ್ಪವೆಂಬಂತೆ ಕಾಣುತ್ತದೆ, ಸುರುಳಿಗಾಗಿ ತೆತ್ತ ಬೆಲೆ ಅದು.

32×32 ಗುಬುಟಿನ ಒಂದು ತಳಹಲಗೆ 25.6 ಸೆಂ.ಮೀ. ಚದರ, ಅಂದರೆ ನಿಜದ ಚಂದ್ರಿಕೆಯ ಒಂದು ಮೀಟರಿನಷ್ಟು ಭಾಗ. ಸುತ್ತಿನಿಂದ ಸುತ್ತಿಗೆ ಎರಡು ಸೆಂ.ಮೀ. ಇಟ್ಟು ಅದನ್ನು ತುಂಬಿಸಲು ಎರಡೂವರೆ ಮೀಟರಿಗೂ ಹೆಚ್ಚು ಉದ್ದದ ಸರಪಳಿ ಬೇಕು, ಅದಕ್ಕೆ ಎಂಟುನೂರರಿಂದ ಸಾವಿರ ಪ್ಲೇಟ್. ತಳವನ್ನು ನುಣುಪಾದ ಟೈಲುಗಳಿಂದ ಮುಚ್ಚಿ, ಸುರುಳಿಯ ತಿರುಗುಣಿ ಗುಬುಟಿನ ಮೇಲೆ ಸರಿಯಾಗಿ ಬರುವ ಕೆಲವು ಕಡೆ ಮಾತ್ರ ಟೈಲು ಬಿಟ್ಟು ಸರಪಳಿಯನ್ನು ಹಿಡಿಸಿದೆವು. ಉಳಿದ ಉದ್ದವೆಲ್ಲ ತನ್ನ ಬಿಗಿಯಲ್ಲಿಯೇ ನಿಂತಿದೆ.

ಗೂಡಿಗೆ ಎರಡು ಬಿಲ್ಲೆಗಳ ನಡುವೆ ಆಯ್ಕೆಯಿತ್ತು. ಮೊಟ್ಟೆಯಾಕಾರದ ಪುಟ್ಟ ಬಿಲ್ಲೆ ಆಕಾರದಲ್ಲಿ ಗೂಡನ್ನೇ ಹೋಲುತ್ತದೆ, ಆದರೆ ನಮಗೆ ಸಿಕ್ಕದ್ದು ಬಿಳಿಯದು. ತೆಳು ಹಳದಿಯ 1×1 ದುಂಡು ಬಿಲ್ಲೆಗೆ ಬಣ್ಣ ಸರಿಯಿದೆ, ಆಕಾರವಿಲ್ಲ. ತಾಯಿಯೂ ಅತ್ತೆಯೂ ಒಂದು ಕ್ಷಣವೂ ತಡೆಯದೆ ಹಳದಿಯನ್ನು ಆರಿಸಿದರು. ನಮ್ಮ ಮನೆಯಲ್ಲಿ ಮೇಯಿಸುತ್ತಿದ್ದದ್ದು ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ದ್ವಿತಳಿಯ (ವರ್ಷಕ್ಕೆ ಎರಡೇ ಪೀಳಿಗೆ ಕೊಡುವ ತಳಿಯ) ಗಂಡನ್ನು ಕೂಡಿಸಿ ಪಡೆದ ಮಿಶ್ರತಳಿಯ ಹುಳು, ಅದರ ಗೂಡು ಹಳದಿ. ಬಿಳಿಗೂಡು ದ್ವಿತಳಿಯದು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಬಲ್ಲ ಯಾರೇ ಆಗಲಿ ಬಿಳಿಗೂಡು ನೋಡಿದ ಕೂಡಲೇ ಇದು ಬೇರೆ ಕಾಲದ, ಬೇರೆ ಮನೆಯ ಬೆಳೆ ಎಂದುಬಿಡುತ್ತಾರೆ. ಆಕಾರವನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ; ಬಣ್ಣ ತಪ್ಪಿದರೆ ಬೆಳೆಯೇ ಬದಲಾಗುತ್ತದೆ.

ಕುಳಿತ ಹೆಂಗಸರು

ಲೆಗೊ ಬೊಂಬೆಯ ಕಾಲು ಮುಂದಕ್ಕೆ ಚಾಚುತ್ತದೆ, ಮಡಚುವುದಿಲ್ಲ. ಅದು ಕುರ್ಚಿಯ ಮೇಲೆ ಕೂರುವವರಿಗಾಗಿ ಮಾಡಿದ ಬೊಂಬೆ. ಹಣ್ಣುಹುಳು ಆರಿಸುವ ಸಂಜೆ ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತವರು ಒಬ್ಬರೂ ಇಲ್ಲ. ತಟ್ಟೆಯನ್ನು ನೆಲಕ್ಕಿಳಿಸಿ, ಸುತ್ತ ನಾಲ್ಕೈದು ಜನ ಚಕ್ಕಂಬಟ್ಟಲು ಹಾಕಿಯೋ ಒಂದು ಮಂಡಿ ಎತ್ತಿಯೋ ಕುಳಿತು, ತೊಡೆಯ ಪಕ್ಕದಲ್ಲಿ ಮೊರ ಇಟ್ಟುಕೊಂಡು ಆರಿಸುತ್ತಿದ್ದರು. ಈ ಭಂಗಿ ಬಾರದಿದ್ದರೆ ಮಾದರಿಯಲ್ಲಿ ಏನೂ ಬಂದಂತಾಗುವುದಿಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯವಾಗಿತ್ತು. ಬೊಂಬೆಯ ಸೊಂಟದಿಂದ ಮೇಲಿನ ಭಾಗವನ್ನು ಕಾಲಿಲ್ಲದೆ ನೇರವಾಗಿ ಎರಡು ಗುಬುಟುಗಳ ಮೇಲೆ ಕೂರಿಸಬಹುದು. ಅದರ ಕೆಳಗೆ ಸೀರೆಯದೇ ಬಣ್ಣದ ಬಾಗು ಬಿಲ್ಲೆಗಳನ್ನು ಎರಡು ಬದಿಗೂ ಹರಡಿದಾಗ ನೆಲದ ಮೇಲೆ ಸೀರೆ ಹರಡಿಕೊಂಡು ಕುಳಿತ ಹೆಂಗಸು ಕಾಣಿಸಿದಳು. ನಿಂತವರಿಗೆ ಕಾಲಿನ ಬದಲು ಇಳಿಜಾರು ಇಟ್ಟಿಗೆ ಸಾಕಾಯಿತು. ತಲೆ ಮತ್ತು ಕೈಗಳಿಗೆ ಹಳದಿಯ ಬದಲು ಕಂದು ಛಾಯೆಗಳನ್ನು ಹುಡುಕಿ ತಂದೆವು. ಮನೆಯವರು ಮನೆಯವರಂತೆ ಕಾಣಬೇಕಲ್ಲವೇ.

ಯಾರು ಎಲ್ಲಿ ಎಂಬುದನ್ನು ನಿರ್ಧರಿಸಿದವರು ತಾಯಿ. ದೊಡ್ಡಪ್ಪನವರ ವಿವರಣೆಯಲ್ಲಿ ಅಜ್ಜ ನಡುಮನೆಯ ಮಧ್ಯದಲ್ಲಿ ನಿಂತು ಎಲ್ಲರಿಗೂ ಕೆಲಸ ಹಂಚುತ್ತಿದ್ದರು. ತಾಯಿ ಅದನ್ನು ಅಲ್ಲಗಳೆಯಲಿಲ್ಲ, ಆದರೆ ಬೊಂಬೆಗಳನ್ನು ತಾವೇ ಕೈಗೆತ್ತಿಕೊಂಡು ಜಾಗ ಬದಲಿಸಿದರು. "ಗಂಡಸರು ಚಂದ್ರಂಕಿ ಹೊತ್ಕೊಂಡು ಬರೋರು, ಸೊಪ್ಪು ತರೋರು. ಆರಿಸ್ತಿದ್ದೋರು ನಾವು. ಒಳಗೆ ನಾವೇ ಇರ್ಬೇಕು" ಎಂದರು. ಈಗ ಮಾದರಿಯ ನಡುಮನೆಯಲ್ಲಿ ಹೆಂಗಸರೇ ಇದ್ದಾರೆ. ಅಜ್ಜ ಜಗಲಿಯ ಅಂಚಿನಲ್ಲಿ ಚಂದ್ರಿಕೆಯೊಂದನ್ನು ಗೋಡೆಗೆ ಒರಗಿಸುತ್ತಿದ್ದಾರೆ. ದೊಡ್ಡಪ್ಪ ಸೊಪ್ಪಿನ ಹೊರೆಯೊಡನೆ ಬೀದಿಯಲ್ಲಿ ಬರುತ್ತಿದ್ದಾರೆ. ಕೋಳಿಗಳು ಹುಳು ಹೆಕ್ಕದಂತೆ ಕೋಲು ಹಿಡಿದು ಕಾಯುವ ಹುಡುಗ ಜಗಲಿಯ ಕೆಳಗೆ ನಿಂತಿದ್ದಾನೆ. ಅಕ್ಕ, ಮಾದರಿಯಲ್ಲಿ ಎಲ್ಲರಿಗಿಂತ ಚಿಕ್ಕ ಬೊಂಬೆ, ಅಜ್ಜಿಯ ಮಡಿಲಿನ ಮುಂದೆ ಇದ್ದಾಳೆ. ಅವಳೆದುರಿನ ಚಂದ್ರಿಕೆಯ ಮೇಲೆ ಮಾತ್ರ ಒಂದು ಕೆಂಪು, ಒಂದು ಹಳದಿ ಚುಕ್ಕೆಯಿದೆ.

ಪಕ್ಕದ ಮನೆ

ಚಂದ್ರಿಕೆಗಳನ್ನು ಎಲ್ಲಿ ನಿಲ್ಲಿಸುವುದು ಎಂಬ ಲೆಕ್ಕ ಮಾಡುವಾಗ ಇಡೀ ಮಾದರಿಯ ಗಾತ್ರವೇ ಬದಲಾಯಿತು. ನಲವತ್ತು ಸಾವಿರ ಹುಳುವಿಗೆ ನಲವತ್ತು ಚಂದ್ರಿಕೆ ಬೇಕು. ನಮ್ಮ ಜಗಲಿಯ ಗೋಡೆಗೆ ನಾಲ್ಕಡಿ ಅಗಲದ ಚಂದ್ರಿಕೆಯನ್ನು ಒಂದರ ಪಕ್ಕ ಒಂದರಂತೆ ಒರಗಿಸಿದರೆ ಐದಕ್ಕೆ ಜಾಗ ಮುಗಿಯುತ್ತದೆ. ಹುಳು ಬಿಟ್ಟ ಚಂದ್ರಿಕೆಗೆ ನೆರಳೂ ಬೇಕು, ಗಾಳಿಯೂ ಬೇಕು. ಹುಳು ನೂಲು ಬಿಡುವ ಮುನ್ನ ಮೈಯಲ್ಲಿನ ಹೆಚ್ಚಿನ ನೀರನ್ನು ಹೊರಹಾಕುವುದರಿಂದ ಒಂದರ ಮೇಲೊಂದು ಪೇರಿಸಿಡುವಂತಿಲ್ಲ. ಉಳಿದವು ಎಲ್ಲಿ ನಿಲ್ಲುತ್ತಿದ್ದವು ಎಂದು ಕೇಳಿದಾಗ ಅತ್ತೆ ಸಹಜವಾಗಿ ಹೇಳಿದರು: ಪಕ್ಕದ ಮನೆಯವರ ಜಗಲಿಯಲ್ಲಿ, ಎದುರು ಮನೆಯವರ ಜಗಲಿಯಲ್ಲಿ, ಅವರ ಬೆಳೆ ಬಂದಾಗ ಅವರವು ನಮ್ಮ ಜಗಲಿಯಲ್ಲಿ. ಚಂದ್ರಿಕೆಗಳಲ್ಲಿ ಅರ್ಧದಷ್ಟು ಬಾಡಿಗೆಗೆ ತಂದವು ಎಂಬುದೂ ಆಗಲೇ ಹೊರಬಿತ್ತು.

ಇದನ್ನು ನಾನು ಈ ಪ್ರಕರಣದ ಅತಿ ದೊಡ್ಡ ಲಾಭವೆಂದು ಎಣಿಸುತ್ತೇನೆ. ಮನೆತನದ ಪದ್ಧತಿ ಎಂದು ನಾವು ಹೇಳಿಕೊಂಡು ಬಂದದ್ದು ಬೀದಿಯ ಪದ್ಧತಿಯೂ ಆಗಿತ್ತೆಂಬುದು ಮಾತಿನಲ್ಲಿ ಎಂದೂ ಬಂದಿರಲಿಲ್ಲ; ಗುಬುಟು ಎಣಿಸಿ, ಜಾಗ ಸಾಲದೆ ಹೋದಾಗ ಬಂತು. ಕೂಡಲೇ ಒಂದು ತಳಹಲಗೆಯ ಪಕ್ಕಕ್ಕೆ ಇನ್ನೊಂದನ್ನು ಸೇರಿಸಿ ಮಾದರಿಯನ್ನು 51 ಸೆಂ.ಮೀ. ಉದ್ದ ಮಾಡಿದೆವು. ಪಕ್ಕದ ಮನೆಯ ಮುಂಗೋಡೆ, ಜಗಲಿ, ಮುಚ್ಚಿದ ಬಾಗಿಲು ಅಷ್ಟನ್ನೇ ಕಟ್ಟಿ, ಅಲ್ಲಿಯೂ ಚಂದ್ರಿಕೆಗಳನ್ನು ಒರಗಿಸಿದೆವು. ಬಾಗಿಲು ಮುಚ್ಚಿರುವುದು ಆ ಮನೆಯವರೂ ನಮ್ಮ ನಡುಮನೆಯಲ್ಲಿ ಕುಳಿತಿರುವ ಕಾರಣಕ್ಕೆ. ಬೀದಿಯ ಚಂದ್ರಿಕೆಗಳು 6×4 ಗುಬುಟಿನ ಹಲಗೆಗಳು. ಅವುಗಳ ಮೇಲೆ ಗೀರುಗೀರಾದ 1×2 ಟೈಲುಗಳನ್ನು, ಚಂದ್ರಿಕೆಗೆ ಹನ್ನೆರಡರಂತೆ, ಕೂರಿಸಿದೆ. ಸುರುಳಿ ಅಲ್ಲಿ ಕಾಣುವುದಿಲ್ಲ, ಮುಂದಿರುವ ದೊಡ್ಡ ಚಂದ್ರಿಕೆ ಅದನ್ನು ತುಂಬಿಕೊಡುತ್ತದೆ.

ಬಿಲ್ಲೆಗಳನ್ನು ಕೂಡಿಸಿದ ಬಗೆಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಹುಡುಗಿಯ ಹಳೆಯ ಡಬ್ಬಿಗಳಿಂದ ಗೋಡೆಯಷ್ಟು ಹೊರಟಿತು. ಬಿದಿರಿನ ಬಣ್ಣದ ದುಂಡು ಪ್ಲೇಟುಗಳನ್ನು ಬಿಡಿಬಿಡಿಯಾಗಿ ಕೊಳ್ಳಬೇಕಾಯಿತು, ವೆಚ್ಚದ ಬಹುಭಾಗ ಅವಕ್ಕೇ ಹೋಯಿತು. ಮೂಲ ಪೇಟೆಂಟಿನ ಅವಧಿ ಮುಗಿದು ಬಹಳ ಕಾಲವಾಗಿರುವುದರಿಂದ ಅದೇ ಅಳತೆಯ ಬಿಲ್ಲೆಗಳನ್ನು ಬೇರೆ ಕಂಪನಿಗಳೂ ಮಾಡುತ್ತವೆ, ಬೆಲೆಯೂ ಕಡಿಮೆ. ಸೂರಿಗೆ, ಬೀದಿಗೆ ಅವನ್ನು ಧಾರಾಳವಾಗಿ ಬಳಸಿದೆವು. ಸುರುಳಿಗೆ ಬಳಸಲಿಲ್ಲ, ಏಕೆಂದರೆ ಅಲ್ಲಿ ಪ್ರತಿ ತಿರುಗುಣಿಯ ಬಿಗಿ ಒಂದೇ ಸಮನಾಗಿರಬೇಕು. ಅಂಟು, ಬಣ್ಣ, ಬಟ್ಟೆ ಯಾವುದನ್ನೂ ಬಳಸುವುದಿಲ್ಲವೆಂದು ಮೊದಲೇ ಒಪ್ಪಿಕೊಂಡಿದ್ದೆವು, ಆದ್ದರಿಂದ ಯಾರಾದರೂ ಹಿರಿಯರು ಬಂದು ಇದು ಹೀಗಿರಲಿಲ್ಲ ಎಂದರೆ ಅಷ್ಟು ಭಾಗವನ್ನು ಕಳಚಿ ಮತ್ತೆ ಕಟ್ಟಲು ಅಡ್ಡಿಯಿಲ್ಲ.

ಹಾಗೆ ಕಳಚಬೇಕಾದ ಸಂದರ್ಭ ಈಗಾಗಲೇ ಬಂದಿದೆ. ಸ್ಟ್ಯಾಂಡುಗಳು ಪೂರ್ವದ ಗೋಡೆಗೆ ಇದ್ದವೆಂದು ತಾಯಿ, ಬಾಗಿಲಿನ ಎರಡೂ ಬದಿಗೆ ಇದ್ದವೆಂದು ಅತ್ತೆ ಹೇಳುತ್ತಾರೆ. ಇದಕ್ಕೆ ಊಜಿ ನೊಣದಂಥ ಆಧಾರ ಸಿಗಲಿಲ್ಲ. ತಾಯಿ ಹೇಳಿದ ಹಾಗೆ ಕಟ್ಟಿ, ಅತ್ತೆಯ ಮಾತನ್ನು ಮಾದರಿಯ ಜೊತೆಗಿಡುವ ಹಾಳೆಯಲ್ಲಿ ಬರೆದಿದ್ದೇವೆ. ಬಲೆಯ ವಿಷಯ, ಅಂತಸ್ತುಗಳನ್ನು ಎಂಟಕ್ಕೆ ಇಳಿಸಿದ್ದು, ಪಟ್ಟಿಯ ದಪ್ಪ ಹೆಚ್ಚಿರುವುದು ಎಲ್ಲವೂ ಅದೇ ಹಾಳೆಯಲ್ಲಿವೆ. ಮಾದರಿಯನ್ನು ನೋಡುವವರು ಯಾವುದು ಖಚಿತ, ಯಾವುದು ನಮ್ಮ ಆಯ್ಕೆ ಎಂದು ತಿಳಿಯುವಂತಿರಬೇಕು.

ಮಾದರಿ ಈಗ ಚಿಕ್ಕಬಳ್ಳಾಪುರದಲ್ಲಿ ಅಕ್ಕನ ಮನೆಯ ಗಾಜಿನ ಕಪಾಟಿನಲ್ಲಿದೆ. ಬಿಳಿ ಬಿಲ್ಲೆಗಳು ಬಿಸಿಲಿಗೆ ಹಳದಿಯಾಗುವುದರಿಂದ ಕಿಟಕಿಯಿಂದ ದೂರ ಇಟ್ಟಿದ್ದಾರೆ. ಅತ್ತೆಯ ಮೊಮ್ಮಕ್ಕಳು ಅದನ್ನು ನೋಡಿ, ಚಂದ್ರಿಕೆಗೆ ಬಿಟ್ಟ ಐದನೇ ದಿನ ನಡೆಯುತ್ತಿದ್ದ ಗೂಡು ಬಿಡಿಸುವ ಕೆಲಸವನ್ನು ಇದೇ ಪ್ರಮಾಣದಲ್ಲಿ ತಾವು ಕಟ್ಟುವುದಾಗಿ ಹೇಳಿದ್ದಾರೆ. ಜಗಲಿ, ಬೀದಿ ಮತ್ತು ಪಕ್ಕದ ಮನೆಯ ಅಳತೆಗಳನ್ನು ಹುಡುಗಿ ಅವರಿಗೆ ಬರೆದುಕೊಟ್ಟಿದ್ದಾಳೆ; ಗೂಡು ತುಂಬಿದ ಚೀಲಗಳನ್ನು ಮಾರುಕಟ್ಟೆಗೆ ಒಯ್ದದ್ದು ಎತ್ತಿನ ಗಾಡಿಯಲ್ಲೋ ಬಸ್ಸಿನ ಮೇಲೋ ಎಂಬುದನ್ನು ದೊಡ್ಡಪ್ಪನವರನ್ನು ಕೇಳಿ ತಿಳಿಯಬೇಕಾಗಿದೆ.